ಗುಳ್ಳಿ ಬಿಟ್ಟು ನಿಲ್ರಿ

ಹೋದ ವಾರ ನಮ್ಮ ಮನೆಗೆ ಹೊಸ ಕ್ಯಾಮೆರಾ ಬಂತು. ಪೆಟ್ಟಿಗೆ ತೆರೆಯುತ್ತಲೇ ಆ ವಾಸನೆ ಮೂಗಿಗೆ ಬಡಿಯಿತು. ಹೊಸ ಪ್ಲಾಸ್ಟಿಕ್, ಥರ್ಮಾಕೋಲು, ಇನ್ನೂ ಯಾರ ಕೈಯೂ ತಾಗದ ವಸ್ತುವಿನ ವಾಸನೆ. ಹಿಂಬದಿಯ ಪರದೆಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದು ಅಂಟಿಕೊಂಡಿತ್ತು. ಅದನ್ನು ಕೀಳಬೇಕೋ ಬಿಡಬೇಕೋ ಎಂದು ನನ್ನ ಗಂಡ ಅವತ್ತಿನಿಂದ ತಲೆ ಕೆಡಿಸಿಕೊಂಡಿದ್ದರು. ಅಂತರ್ಜಾಲದಲ್ಲಿ ಅರ್ಧ ಜಗತ್ತು ಕೀಳಿ ಅನ್ನುತ್ತದಂತೆ, ಇನ್ನರ್ಧ ಕಿತ್ತರೆ ಕೆಟ್ಟಿರಿ ಅನ್ನುತ್ತದಂತೆ. ನನಗೆ ಮಾತ್ರ ತಳೇಗಾಂವದ ಮೇಲಿನ ಮನೆಯ ಕಾಕಾ ನೆನಪಾದರು...

ಮದುವೆಗೆ ಮುಂಚೆ ನಾನು ಅಪ್ಪ ಅಮ್ಮನ ಜೊತೆ ಮರಾಠಿ ನಾಡಿನ ತಳೇಗಾಂವದ ಒಂದು ಕಾಲೋನಿಯಲ್ಲಿದ್ದೆ. ಕಾಕಾ ನಮ್ಮ ಮೇಲಿನ ಮಹಡಿಯವರು, ಧಾರವಾಡದ ಕಡೆಯವರು. ಅಲ್ಲಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಅವರ ಕೆಲಸ. ಬಂದ ಸಾಮಾನಿನ ಸೀಲು ನೋಡುವುದು, ಸೀಲು ಒಡೆದಿದ್ದರೆ ಜಗಳ ತೆಗೆಯುವುದು. ಆ ಕೆಲಸ ಅವರನ್ನು ಮನೆಯ ತನಕ ಹಿಂಬಾಲಿಸಿಕೊಂಡು ಬರುತ್ತಿತ್ತು. ಟೀವಿಯ ರಿಮೋಟು, ಫ್ರಿಜ್ಜಿನ ಹಿಡಿಕೆ, ಮಿಕ್ಸರಿನ ಗುಂಡಿಗಳು, ಎಲ್ಲವೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ ಬಾಳುತ್ತಿದ್ದವು. ಸೋಫಾದ ಮೇಲೆ ಕೂತು ಏಳುವಾಗ ಆಗುವ ಸದ್ದಿಗೆ ನಾಚಿಕೊಂಡು ಅತಿಥಿಗಳು ನಿಂತೇ ಚಹಾ ಕುಡಿಯುತ್ತಿದ್ದರು.

ಇಂಥವರು ಒಂದು ದಿನ ಇದ್ದಕ್ಕಿದ್ದಂತೆ ದುಬಾರಿ ಕ್ಯಾಮೆರಾ ತಂದರು. ಹುಚ್ಚು ಯಾಕೆ ಹಿಡಿಯಿತೋ ಯಾರಿಗೂ ತಿಳಿಯಲಿಲ್ಲ. ಅವರ ಹೆಂಡತಿ ಕಾಕುಗೆ ಮಾತ್ರ ಹಿಗ್ಗೋ ಹಿಗ್ಗು. ಅವರಿಗೊಂದು ಆಸೆ ಇತ್ತು, ಗಂಡನ ಜೊತೆ ನಿಂತ ಒಂದು ಒಳ್ಳೆಯ ಫೋಟೋ ಬೇಕು. "ಮದವಿ ಫೋಟೋದಾಗ ಇವರ ಮಾರಿ ಬಾಸಿಂಗದ ಹಿಂದ ಹೋಗೇದ. ಯಾರ ಜೋಡಿ ಮದವಿ ಆಗೇದೋ ಗುರುತs ಹತ್ತಂಗಿಲ್ಲ," ಎಂದು ನಮ್ಮಮ್ಮನ ಹತ್ತಿರ ಹೇಳಿಕೊಂಡು ನಗುತ್ತಿದ್ದರು.

ಕ್ಯಾಮೆರಾ ಬಂದ ದಿನವೇ ಕಾಕು ಪರದೆಯ ಹಾಳೆಯ ಮೂಲೆಗೆ ಉಗುರು ಹಾಕಿ ಮೇಲೆತ್ತಿದರು. ಕಾಕಾ ಕೂಗಿಕೊಂಡ ಸದ್ದು ನಮ್ಮ ಅಡುಗೆಮನೆಗೆ ಕೇಳಿತು. ಏನಾಯಿತೋ ಎಂದು ನಾನು ಓಡಿದೆ.

"ಸೀಲ್ ಒಡದ ಮ್ಯಾಲೆ ಮಾಲು ವಾಪಸ್ ಹೋಗಂಗಿಲ್ಲ," ಎಂದು ಕಾಕಾ ಹಾಳೆಯನ್ನು ಮತ್ತೆ ಒತ್ತುತ್ತಿದ್ದರು.

"ವಾಪಸ್ ಯಾಕ ಕೊಡ್ತೀರಿ? ನಾವs ಇಟ್ಕೊಳ್ಳಲಿಕ್ಕೆ ತಂದೀವಲ್ಲ," ಎಂದರು ಕಾಕು.

"ಕೊಡಲಿಕ್ಕಲ್ಲ. ಕೊಡೋ ಹಂಗ ಇರಬೇಕು."

ಹಾಳೆ ಮತ್ತೆ ಕೂತಿತು, ಆದರೆ ಎಡಮೂಲೆಯಲ್ಲಿ ಗಾಳಿ ಸೇರಿ ಒಂದು ಗುಳ್ಳೆ ನಿಂತುಬಿಟ್ಟಿತು. ಎಷ್ಟು ತೀಡಿದರೂ ಅದು ಅಲ್ಲೇ ಪಕ್ಕಕ್ಕೆ ಹೊರಳಿ ಮಲಗುತ್ತಿತ್ತೇ ಹೊರತು ಹೋಗಲಿಲ್ಲ.

ಅಲ್ಲಿಂದ ಕಾಲೋನಿಯ ಫೋಟೋಗಳಿಗೆಲ್ಲ ಆ ಗುಳ್ಳೆಯೇ ಯಜಮಾನ. ಅದರ ಕೆಳಗೆ ಬಂದವರ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಕಾಕಾಗೆ ಕಾಣುತ್ತಿರಲಿಲ್ಲ. ಕಣ್ಣು ಹಚ್ಚಿ ನೋಡುವ ಕಿಂಡಿಯೊಂದು ಮೇಲೆ ಇತ್ತು ನಿಜ. ಆದರೆ ಅಲ್ಲಿ ನೋಡಿದರೆ ಕನ್ನಡಕದ ಗಾಜಿಗೆ ಗೀರು ಬಿದ್ದೀತೆಂಬ ಭಯ. ಹಾಗಾಗಿ ಗಣಪತಿ ಹಬ್ಬವಿರಲಿ, ಯಾರದೋ ಸೀಮಂತವಿರಲಿ, ಎಲ್ಲರೂ ಸಾಲಾಗಿ ನಿಂತ ಮೇಲೆ ಕಾಕಾನ ಅಪ್ಪಣೆಯಾಗುತ್ತಿತ್ತು, "ಗುಳ್ಳಿ ಬಿಟ್ಟು ನಿಲ್ರಿ." ಮಂದಿ ಒತ್ತಿಕೊಂಡು ಒಂದು ಪಕ್ಕಕ್ಕೆ ಸರಿಯುತ್ತಿದ್ದರು. ಕನ್ನಡ ಬಾರದ ಮರಾಠಿ ಹೆಂಗಸರೂ ಈ ಮಾತು ಕಲಿತು, ಮಕ್ಕಳನ್ನು ಎಳೆದುಕೊಂಡು ಸರಿಯುತ್ತಿದ್ದರು. ನಮ್ಮ ಮನೆಯ ಆಗಿನ ಫೋಟೋಗಳನ್ನು ಈಗ ನೋಡಿದರೂ ಎಲ್ಲದರಲ್ಲೂ ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ.

ಕಾಕಾ ಮಾತ್ರ ಒಂದರಲ್ಲೂ ಇಲ್ಲ. ಬೇರೆಯವರ ಕೈಗೆ ಕ್ಯಾಮೆರಾ ಕೊಟ್ಟರೆ ಅವರ ಉಗುರು ಸುಮ್ಮನಿರುತ್ತದೆಯೇ? ಎಲ್ಲಾದರೂ ಇಟ್ಟು ತಾನಾಗಿ ಕ್ಲಿಕ್ಕಾಗುವ ಹಾಗೆ ಮಾಡಿ ಎಂದರೆ, ಇಟ್ಟಲ್ಲಿ ತಳ ಸವೆಯುತ್ತದೆ ಅನ್ನುತ್ತಿದ್ದರು. ಕಾಕು ಕೇಳಿ ಕೇಳಿ ಬೇಸತ್ತರು.

ಕಡೆಗೆ ಕಾಕಾಗೆ ಅರವತ್ತು ತುಂಬಿ ಮನೆಯಲ್ಲಿ ಶಾಂತಿ ಮಾಡಿಸಿದಾಗ, ಕಾಕು ಇಳಕಲ್ ಸೀರೆ ಉಟ್ಟು ನಡುಮನೆಯಲ್ಲಿ ನಿಂತು ಖಡಾಖಂಡಿತವಾಗಿ ಹೇಳಿದರು, "ಇವತ್ತು ಇಬ್ಬರದೂ ಫೋಟೋ ಆಗಬೇಕು. ಆಗಲಿಲ್ಲಂದ್ರ ನಾ ಊಟಕ್ಕ ಕೂಡಂಗಿಲ್ಲ." ಕಾಕಾ ಸುತ್ತ ಕಣ್ಣಾಡಿಸಿ ನನ್ನನ್ನು ಆರಿಸಿದರು. ಆರಿಸಿದ ಮೇಲೆ ನನ್ನ ಕೈ ನೋಡಿದರು. ಆಗ ನಾನು ವಿಮಾನ ನಗರ ಬಡಾವಣೆಯ ಆಫೀಸೊಂದಕ್ಕೆ ಹೊಸದಾಗಿ ಸೇರಿದ್ದೆ, ಉಗುರು ಉದ್ದ ಬಿಟ್ಟು ಬಣ್ಣ ಹಚ್ಚುವ ಶೋಕಿ ಹತ್ತಿಸಿಕೊಂಡಿದ್ದೆ. ಕಾಕಾ ಒಳಗೆ ಹೋಗಿ ನೇಲ್ ಕಟರ್ ತಂದು ನನ್ನ ಮುಂದೆ ಹಿಡಿದರು.

"ಕಾಕಾ, ಇದು ಅನ್ಯಾಯ ಅದರೀ," ಎಂದೆ.

"ತಂಗಿ, ನನ್ನ ಸಲುವಾಗಿ ಕತ್ತರಸು," ಎಂದರು ಕಾಕು. ಅವರ ಮುಖ ನೋಡಿ ಹತ್ತೂ ಉಗುರು ಕತ್ತರಿಸಿದೆ. ನನಗೆ ನಿಜವಾಗಿ ಅಳು ಬಂದಿತ್ತು.

ಕ್ಯಾಮೆರಾದ ಪಟ್ಟಿಯನ್ನು ಕಾಕಾ ತಾವೇ ನನ್ನ ಕೊರಳಿಗೆ ಹಾಕಿದರು. ಆಮೇಲೆ ಕಾಕುವಿನ ಪಕ್ಕ ಹೋಗಿ, ಗುಳ್ಳೆ ಬಿಟ್ಟು, ಪರೀಕ್ಷೆಗೆ ಬಂದ ಹುಡುಗನ ಹಾಗೆ ನೆಟ್ಟಗೆ ನಿಂತರು. ಎಲ್ಲ ಸರಿಯಿತ್ತು. ನನ್ನ ಹೆಬ್ಬೆರಳು ಸ್ವಲ್ಪ ಜಾರಿ ಹಾಳೆಯ ಅಂಚಿಗೆ ತಾಗಿತು, ಅಷ್ಟೇ.

"ಉಗುರು, ಉಗುರು," ಎನ್ನುತ್ತ ಕಾಕಾ ಎಡಕ್ಕೆ ಬಳಸಿ ನನ್ನತ್ತ ಹಾರಿದರು. ಗಾಬರಿಗೆ ನಾನು ಗುಂಡಿ ಒತ್ತಿದೆ.

ಫೋಟೋದಲ್ಲಿ ಕಾಕು ಒಬ್ಬರೇ ನಿಂತು ಬಾಯ್ತುಂಬ ನಗುತ್ತಿದ್ದಾರೆ. ಗುಳ್ಳೆಯ ಜಾಗದಲ್ಲಿ ಒಂದು ಮಸುಕಾದ ಕೈ ಚಾಚಿಕೊಂಡಿದೆ, ಬೆರಳಿನಲ್ಲಿ ಇನ್ನೂ ತೆಗೆಯದ ದರ್ಭೆಯ ಉಂಗುರ. ಕಾಕಾ ಹಾಳೆ ಸರಿಯಿದೆಯೆಂದು ನೋಡಿ, ಒರೆಸಿ, ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು. "ಭಟ್ಟರು ಊಟಕ್ಕ ಕರಿಯಾಕ ಹತ್ಯಾರ. ನಾಳೆ ಮತ್ತೊಂದು ತಗಿಯೋಣ." ಕಾಕು ನಗು ತಡೆಯಲಾರದೆ ಊಟಕ್ಕೆ ಕೂತರು.

ನಾಳೆ ಅಂದದ್ದು ದೀಪಾವಳಿಗೆ ಅಂತಾಯಿತು, ದೀಪಾವಳಿಗೆ ಅಂದದ್ದು ಯುಗಾದಿಗೆ ಅಂತಾಯಿತು... ಯುಗಾದಿಗೆ ಮುಂಚೆಯೇ ಒಂದು ಮುಂಜಾನೆ, ಪೇಪರು ಓದುತ್ತ ಆ ಪ್ಲಾಸ್ಟಿಕ್ ಸೋಫಾದ ಮೇಲೆ ಕೂತಿದ್ದವರು ಹಾಗೇ ಹೋಗಿಬಿಟ್ಟರು. ಹಾರ ಹಾಕಲು ಫೋಟೋ ಹುಡುಕಿದರೆ ಇಡೀ ಮನೆಯಲ್ಲಿ ಸಿಕ್ಕಿದ್ದು ಕಾರ್ಖಾನೆಯ ಗುರುತಿನ ಚೀಟಿಯದು ಮಾತ್ರ.

ಕೆಲವು ದಿನ ಬಿಟ್ಟು ಕಾಕು ನನ್ನನ್ನು ಕರೆದುಕೊಂಡು ಸ್ಟುಡಿಯೋಗೆ ಹೋದರು. ಶಾಂತಿಯ ದಿನದ ಆ ಫೋಟೋ ದೊಡ್ಡದು ಮಾಡಿಸಬೇಕಿತ್ತು. ಸ್ಟುಡಿಯೋದವನು ನೋಡಿ, "ಹಾ ಹಾತ್ ಕಾಪೂನ್ ಟಾಕೂ ಕಾ, ಕಾಕು?" ಎಂದ, ಈ ಕೈ ಕತ್ತರಿಸಿ ತೆಗೆಯಲೇ ಎಂದು.

"ನಕೋ," ಎಂದರು ಕಾಕು. "ತೋ ಆಮಚ್ಯಾ ಹ್ಯಾಂಚಾ ಆಹೆ." ಬೇಡ, ಅದು ನಮ್ಮವರದು ಎಂದು. ಅವನು ಕೈ ಸಮೇತ ಹಾಕಿಕೊಟ್ಟ. ಆ ಫೋಟೋ ಕಾಕು ಇರುವ ತನಕ ಅವರ ನಡುಮನೆಯಲ್ಲಿತ್ತು. ಕೇಳಿದವರಿಗೆಲ್ಲ, "ಇದು ನಮ್ಮಿಬ್ಬರ ಫೋಟೋ," ಅನ್ನುತ್ತಿದ್ದರು.

ಮೊನ್ನೆ ಭಾನುವಾರ ನನ್ನ ಗಂಡ ಕೊನೆಗೂ ಧೈರ್ಯ ಮಾಡಿ ಹಾಳೆ ಕಿತ್ತರು. ಪರದೆ ಥಳಥಳ ಹೊಳೆಯಿತು, ಬಾಲ್ಕನಿಯ ತುಳಸಿ ಎಲೆ ಎಲೆಯಾಗಿ ಕಾಣಿಸಿತು. ಇಷ್ಟು ಸ್ವಚ್ಛವಾಗಿ ಕಾಕಾ ತಮ್ಮ ಕ್ಯಾಮೆರಾದಲ್ಲಿ ಏನನ್ನೂ ನೋಡಲಿಲ್ಲವಲ್ಲ ಎಂದು ನನಗೆ ಸಂಕಟವಾಯಿತು. ಅಷ್ಟು ಒಳ್ಳೆಯ ಮನುಷ್ಯ, ಅಷ್ಟು ಹಟಮಾರಿ.

ನನ್ನನ್ನೂ ಮಗಳನ್ನೂ ನಿಲ್ಲಿಸಿ ಗಂಡ ಕ್ಯಾಮೆರಾ ಹಿಡಿದರು. "ಸ್ವಲ್ಪ ಈ ಕಡೆ ಸರಿ. ಇಲ್ಲಿ ಜಾಗಾ ಖಾಲಿ ಉಳದದ."

ನೋಡಿದೆ. ನನಗೆ ಗೊತ್ತಿಲ್ಲದೆಯೇ ಮಗಳನ್ನು ಎಳೆದುಕೊಂಡು ಒಂದು ಪಕ್ಕಕ್ಕೆ ನಿಂತಿದ್ದೆ.

"ಇರ್ಲಿ ಬಿಡ್ರಿ," ಎಂದೆ. "ಹಂಗs ತಗೀರಿ."