ವಾಲ್ವ್ ಮಾವ
ತೀರಿಕೊಳ್ಳುವ ಹಿಂದಿನ ದಿನವೂ ಮೇಲಿನ ಮನೆಯಲ್ಲಿ ಪೈಪು ಒಡೆದು, "ವಾಲ್ವ್ ಮಾವಾ, ಬೇಗ ಬನ್ನಿ!" ಎಂಬ ಕೂಗು ಕೇಳಿದ್ದೇ ತಡ, ನಮ್ಮ ಯಜಮಾನರು ಅರ್ಧ ಗಡ್ಡದ ಸೋಪಿನ ನೊರೆಯಲ್ಲೇ ಓಡಿದರು. ಅವರೇನು ಪ್ಲಂಬರ್ ಅಲ್ಲ, ಬಸ್ ಓಡಿಸಿ ನಿವೃತ್ತರಾದವರು. ಆದರೆ ಕಟ್ಟಡದಲ್ಲಿ ಎಲ್ಲಿ ನೀರು ಉಕ್ಕಿದರೂ ಅವರಿಗೆ ಮದುವೆಮನೆಯ ಸಂಭ್ರಮ. "ಬಕೆಟ್ ಆಮೇಲೆ ತನ್ನಿ ತಾಯಿ, ಮೊದ್ಲು ವಾಲ್ವ್ ತಿರುಗ್ಸಿ! ಬ್ರೇಕ್ ಹಾಕ್ದೆ ಯಾರಾದ್ರೂ ಗಾಡಿ ಇಳೀತಾರಾ?" ಎಂದು ಅಬ್ಬರಿಸುವರು. ಮೂರನೇ ಮಹಡಿಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಇಲ್ಲಿ ಇವರ ಕಿವಿ ನೆಟ್ಟಗಾಗುವುದು. ನೆನೆದು ತೊಪ್ಪೆಯಾಗಿ ಬಂದು "ಗೆದ್ದೆ ಕಣೇ!" ಎನ್ನುವರು. "ಗೆದ್ದಿದ್ದು ಸಾಕು, ತಲೆ ಒರೆಸ್ಕೊಳ್ಳಿ" ಎಂದು ಬೈಯುತ್ತಿದ್ದೆ. "ನೀನೂ ಕಲ್ತ್ಕೊಳ್ಳೇ" ಎಂದರೆ, "ನೀವಿದ್ದೀರಲ್ಲ" ಎನ್ನುತ್ತಿದ್ದೆ. ಅವರು ಹೋಗಿ ಒಂದು ತಿಂಗಳಿಗೆ ನಮ್ಮ ಬಚ್ಚಲಲ್ಲೇ ಪೈಪು ಸಿಡಿಯಿತು. ಅವರ ಮೈವಾಸನೆ ಹೋಗದಿರಲೆಂದು ಒಗೆಯದೆ ಇಟ್ಟುಕೊಂಡಿದ್ದ ಅಂಗಿಗಳ ಗಂಟು ನೆಲದ ಮೇಲಿತ್ತು. ನೀರು ಅತ್ತಲೇ ನುಗ್ಗಿತು. ವಾಲ್ವ್ ತಿರುಗಿಸಲು ಓಡಿದೆ. ಬಾಗಿಲ ಹಿಂದೆ ಎರಡು ವಾಲ್ವು, ಯಾವುದು ಯಾವುದರದೋ! ಬಗ್ಗಿ ನೋಡಿದರೆ ಎರಡಕ್ಕೂ ಬಟ್ಟೆ ಚೂರು ಕಟ್ಟಿದ್ದರು. ಹೆಸರು ಬರೆದಿಟ್ಟರೆ ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮನೆ ಮುಳುಗುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಅಡುಗೆಮನೆಯದಕ್ಕೆ ಮಸಿಬಟ್ಟೆ, ಬಚ್ಚಲಿನದಕ್ಕೆ ಟವೆಲಿನ ಅಂಚು. ಟವೆಲು ಕಟ್ಟಿದ್ದನ್ನು ಹಿಡಿದು ತಿರುಗಿಸಿದೆ. ಅಂಗಿಗಳ ಗಂಟಿಗೆ ಇನ್ನೊಂದು ಗೇಣು ಇರುವಾಗ ನೀರು ನಿಂತಿತು. ತಿರುಗಿಸದೆ ಬಿಟ್ಟರೆ ವಾಲ್ವು ಬಿಗಿದುಕೊಳ್ಳುತ್ತದಂತೆ. ಈಗ ದಿನಾ ಬೆಳಿಗ್ಗೆ ಎದ್ದು ಎರಡನ್ನೂ ಒಮ್ಮೆ ಮುಚ್ಚಿ, ತೆರೆದು, ಆಮೇಲೆ ಒಲೆ ಹಚ್ಚುತ್ತೇನೆ.