ಉಡದಾರದ ಮೇಲಿಟ್ಟ ಟೇಪು

ನಮ್ಮ ಯಜಮಾನರು ಮಿಲಿಟರಿಯಲ್ಲಿ ಹವಾಲ್ದಾರರು. ಹೋದ ವರ್ಷದ ಮೆಡಿಕಲ್‌ನಲ್ಲಿ ಡಾಕ್ಟರು ಅವರ ಹೊಟ್ಟೆಗೆ ಟೇಪು ಸುತ್ತಿ, "ಕೊಬ್ಬು ಜಾಸ್ತಿಯಾಗಿದೆ, ಮುಂದಿನ ಸಲ ಮೂವತ್ತೈದು ಇಂಚಿನೊಳಗೆ ಬರದಿದ್ದರೆ ಕೆಟಗರಿ ಇಳಿಸ್ತೀನಿ" ಅಂದಿದ್ದರಂತೆ. ಕೆಟಗರಿ ಇಳಿದರೆ ಪ್ರಮೋಷನ್ ಇಲ್ಲ. ಪ್ರಮೋಷನ್ ಇಲ್ಲದಿದ್ದರೆ ಇನ್ನೆರಡು ವರ್ಷಕ್ಕೆ ಸರ್ವೀಸು ಮುಗೀತು. ಮಗಳು ಆಗಷ್ಟೇ ನರ್ಸಿಂಗ್ ಸೇರಿದ್ದಳು.

ಅವರೆಕಾಯಿ ಕಾಲದಲ್ಲಿ ಎರಡು ತಿಂಗಳ ರಜಕ್ಕೆ ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರಿಗೆ ಬಂದವರು ಟ್ರಂಕು ಇಳಿಸುತ್ತಲೇ ಹೇಳಿದ್ದು ಇದನ್ನೇ. "ವಾಪಸ್ ಹೋದ ಕೂಡ್ಲೇ ಮೆಡಿಕಲ್ ಇದೆ. ಪ್ರತಿ ಸೋಮವಾರ ಖಾಲಿ ಹೊಟ್ಟೇಲಿ ಅಳೀಬೇಕು ಕಣೇ. ಟೇಪು ನಿನ್ನ ಹತ್ರ ಇದ್ದೇ ಇದೆ."

ರವಿಕೆ ಹೊಲಿಯುವವಳಿಗೆ ಅಳತೆ ಏನು ಹೊಸದು? ಅವರು ಅಂಗಿ ಎತ್ತಿ ನಿಲ್ಲುತ್ತಿದ್ದರು. ನಾನು ಉಡದಾರದ ಮೇಲೆ ಟೇಪು ಸುತ್ತಿ, ಬಂದದ್ದನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ನಮ್ಮ ಕಡೆ ಗಂಡಸರ ಸೊಂಟ ಎಂದರೆ ಉಡದಾರ ಕೂತ ಜಾಗ ತಾನೆ? ಮೊದಲ ವಾರ ಮೂವತ್ತಾರು. ಐದನೇ ವಾರಕ್ಕೆ ಮೂವತ್ತೈದು.

"ನಾನು ಕಟ್ಟಿದ ಉಡದಾರ ಹಂಗೇ ಐತೆ. ಎಲ್ಲಿ ದಪ್ಪ ಆಗವ್ನೆ ನನ್ ಮಗ?" ಅಂತ ಅತ್ತೆ ಮುದ್ದೆಗೆ ಗುಳಿ ಮಾಡಿ ತುಪ್ಪ ಬಿಡುತ್ತಿದ್ದರು. ಅಳತೆ ಇಳೀತಿದೆಯಲ್ಲ ಅಂತ ನಾನೂ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದೆ.

ಆರನೇ ಸೋಮವಾರ, ಡೇರಿಗೆ ಹಾಲು ಹಾಕಿ ಬರುತ್ತಿದ್ದ ಪಕ್ಕದ ಬೀದಿಯ ರಿಟೈರ್ಡ್ ಸುಬೇದಾರರು ಬಾಗಿಲಲ್ಲಿ ನಿಂತರು.

"ಏನ್ಲಾ, ಹೊಟ್ಟೇನೂ ರಜ ಹಾಕ್ಕೊಂಡು ಬಂದೈತಾ?" ಅಂತ ನಕ್ಕವರು, ಟೇಪು ನೋಡಿ ನಗು ನಿಲ್ಲಿಸಿದರು. "ಅದು ಪ್ಯಾಂಟಿನ ಅಳತೆ ಕಣವ್ವ. ಡಾಕ್ಟ್ರು ಅಳೆಯೋದು ಹೊಕ್ಕುಳ ಮೇಲೆ."

ಮೇಲಿಟ್ಟು ನೋಡಿದೆ. ಮೂವತ್ತೆಂಟು! ಇನ್ನೊಂದು ಸಲ ನೋಡಿದೆ. ಅಷ್ಟೇ. ಹೊಟ್ಟೆ ಬಂದವರ ಉಡದಾರ ಹೊಟ್ಟೆಯ ಕೆಳಕ್ಕೆ ಜಾರಿ ಕೂರುತ್ತೆ ಅನ್ನೋದು ಹೊಳೆದದ್ದೇ ಆಗ.

"ಇಷ್ಟು ವರ್ಷ ಅಳೆಸ್ಕೊಂಡಿದ್ದೀರಲ್ಲ, ನಿಮಗಾದ್ರೂ ಗೊತ್ತಾಗಬಾರದಿತ್ತಾ?" ಅಂದೆ.

"ಅಲ್ಲಿ ಅಳೆಯುವಾಗ ಉಸಿರು ಹಿಡ್ಕೊಂಡು ಸೂರು ನೋಡ್ತಾ ನಿಂತಿರ್ತೀನಿ ಕಣೇ. ಇಲ್ಲಿ, ಟೈಲರ್ ನೀನು ಅಂತ ಬಿಟ್ಟೆ."

ರಜ ಉಳಿದಿದ್ದದ್ದು ಹದಿನೇಳು ದಿನ. ಬೆಳಿಗ್ಗೆ ಸಂಜೆ ಕೆರೆ ಏರಿಯ ಮೇಲೆ ಓಡಿದರು. ಮಧ್ಯಾಹ್ನಕ್ಕೆ ಸೌತೆಕಾಯಿ, ಮಜ್ಜಿಗೆ, ಅರ್ಧ ಮುದ್ದೆ. ಹಿದುಕಿದ ಬೇಳೆ ಸಾರಿನ ವಾಸನೆ ಬಂದರೆ ಎದ್ದು ಆಚೆ ಹೋಗಿಬಿಡುತ್ತಿದ್ದರು. ಅತ್ತೆ ಮಾತು ಬಿಟ್ಟರು. ಮಿಷನ್ ಮುಂದೆ ಕೂತರೆ ನನಗೆ ಬೇರೆಯವರ ರವಿಕೆಯ ಅಳತೆಗಳ ಮೇಲೂ ನಂಬಿಕೆ ಹೋಗಿತ್ತು. ಒಂದೊಂದನ್ನೂ ಮೂರು ಸಲ ನೋಡಿ ಕತ್ತರಿ ಹಾಕುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ ಅಳೆದೆ. ಮೂವತ್ತಾರು ಬರುತ್ತಿತ್ತು. ಚರ್ಮ ಒಳಗೆ ಹೋಗುವಷ್ಟು ಟೇಪು ಬಿಗಿದು, "ಮೂವತ್ತೈದೂವರೆ ರೀ" ಅಂದೆ.

"ಬಿಡೇ. ಅಲ್ಲಿ ಟೇಪು ಹಿಡಿಯೋಳು ನೀನಲ್ಲ," ಅಂದರು. ಬೈಯಲಿಲ್ಲ. ನನ್ನ ಟೇಪನ್ನೇ ಸುತ್ತಿ ಟ್ರಂಕಿಗೆ ಹಾಕಿಕೊಂಡರು.

ಹನ್ನೊಂದನೇ ದಿನ ಫೋನ್ ಬಂತು. ಫೇಲೂ ಇಲ್ಲ, ಪಾಸೂ ಇಲ್ಲ. ಮೂರು ತಿಂಗಳು ಟೈಮ್ ಕೊಟ್ಟು, ಮತ್ತೆ ಬಾ ಅಂದಿದ್ದಾರೆ.

ಈಗಲೂ ಸೋಮವಾರ ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತೆ. ಅತ್ತೆ ಕಿತ್ತುಕೊಂಡು, "ಹೊಟ್ಟೆಗೇನಾದ್ರೂ ತಿಂದ್ಯೇನಪ್ಪಾ?" ಅಂತ ಕೇಳುತ್ತಾರೆ. ನಾನು ಪೆನ್ನು ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಿರುತ್ತೇನೆ. ಅವರು ಅಳತೆ ಹೇಳುತ್ತಾರೆ. ಬರೆಯುವ ಮುಂಚೆ ಕೇಳುತ್ತೇನೆ:

"ಹೊಕ್ಕುಳ ಮೇಲೇ ಇಟ್ರಿ ತಾನೆ?"