ಆರನೆಯ ನೀಲಿ ತಟ್ಟೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ದೆವ್ವ, ಶಕುನ ಎಂದರೆ ಮಕ್ಕಳ ಎದುರಿಗೇ ಗೇಲಿ ಮಾಡುತ್ತಿದ್ದೆ. ಈಗಲೂ ಅವನ್ನು ನಂಬುವುದಿಲ್ಲ. ಆದರೆ ಎಪ್ಪತ್ತರ ದಶಕದ ಒಂದು ಭಾನುವಾರ, ಹಾಡಹಗಲೇ, ರಾಜಾಜಿನಗರದ ನಮ್ಮ ಮನೆಯಲ್ಲಿ ನಡೆದದ್ದನ್ನು ಏನೆಂದು ತಿಳಿಯಬೇಕೋ ನನಗೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮದುವೆಯಾಗಿ ಆ ಮನೆಗೆ ಬಂದು ನನಗೆ ಆಗಿನ್ನೂ ಒಂದು ವರ್ಷ. ಮಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಬ್ಬ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ನಡೆದ ಹರಾಜಿನಲ್ಲಿ ಅವರು ಕೊಂಡು ತಂದಿದ್ದ ಪಿಂಗಾಣಿ ತಟ್ಟೆಗಳೆಂದರೆ ಅತ್ತೆಗೆ ಪ್ರಾಣ. ಬಿಳಿಯ ಮೇಲೆ ನೀಲಿ ಚಿತ್ರ: ಚೀನಾದ ಮನೆ, ಬಾಗಿದ ಮರ, ಸೇತುವೆ ದಾಟುವ ಮೂವರು, ಆಕಾಶದಲ್ಲಿ ಜೋಡಿ ಹಕ್ಕಿ. ನೋಡಿದವರೆಲ್ಲ ಚೀನಾದ್ದೆಂದೇ ತಿಳಿಯುತ್ತಿದ್ದರು. ಅತ್ತೆ ತಟ್ಟೆ ಮಗುಚಿ ಇಂಗ್ಲೆಂಡಿನ ಮುದ್ರೆ ತೋರಿಸಿ ಬೀಗುತ್ತಿದ್ದರು. ಇದ್ದದ್ದು ಐದೇ ಐದು.

ಅವತ್ತು ನಾದಿನಿ ವಿಮಲಳನ್ನು ನೋಡಲು ಹೊಸಹಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು. ಅತ್ತೆಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಐವರು ಬರುತ್ತೇವೆಂದು ಹೇಳಿಕಳಿಸಿದ್ದರು. ಆಟೋಗಳಿಂದ ಇಳಿದದ್ದು ಆರು ಮಂದಿ. ಹುಡುಗನ ಅಜ್ಜಿಯೂ ಹೊರಟುಬಂದಿದ್ದರು.

"ಅಯ್ಯೋ, ಒಂದು ತಟ್ಟೆ ಕಮ್ಮಿ ಬೀಳತ್ತಲ್ಲೇ!" ಎಂದು ಅತ್ತೆ ಅಡಿಗೆಮನೆಯಲ್ಲಿ ಪಿಸುಗುಟ್ಟಿದರು.

"ಹುಡುಗನಿಗೆ ಸ್ಟೀಲ್ ತಟ್ಟೇಲಿ ಕೊಡೋಣ ಬಿಡಿ ಅತ್ತೆ. ಅವರು ವಿಮಲಾನ ನೋಡ್ತಾರೋ, ತಟ್ಟೆ ನೋಡ್ತಾರೋ?" ಎಂದೆ.

ಕಟ್ಟೆಯ ಮೇಲೆ ಸ್ಟೀಲ್ ತಟ್ಟೆಯನ್ನೂ ಇಟ್ಟುಕೊಂಡು ಉಪ್ಪಿಟ್ಟು, ಕೇಸರಿಭಾತ್ ಬಡಿಸಿದೆ. ಎರಡೆರಡಾಗಿ ಒಯ್ದು ಎಲ್ಲರ ಕೈಗೂ ಕೊಟ್ಟೆ. ನೀರಿನ ಲೋಟಗಳಿಗೆಂದು ಒಳಗೆ ಬಂದರೆ, ಸ್ಟೀಲ್ ತಟ್ಟೆ ಖಾಲಿಯಾಗಿ ಅಲ್ಲೇ ಕೂತಿದೆ! ಯಾರಿಗೋ ಕೊಡುವುದನ್ನು ಮರೆತೆನೆಂದು ಗಾಬರಿಯಾಗಿ ಹೊರಗೆ ಇಣುಕಿದೆ. ಆರೂ ಜನ ತಿನ್ನುತ್ತಿದ್ದರು. ಆರೂ ನೀಲಿ ತಟ್ಟೆ.

ಅತ್ತೆ ನನ್ನ ಮೊಣಕೈ ಹಿಡಿದರು. "ಇನ್ನೊಂದು ಎಲ್ಲಿಂದ ತಂದ್ಯೇ?"

"ನೀವೇ ತಂದಿಟ್ರಿ ಅಂದ್ಕೊಂಡೆ!"

ಅಷ್ಟರಲ್ಲಿ ಅಜ್ಜಿ ತಮ್ಮ ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, "ಏನಮ್ಮಾ ಇದು, ಎಲ್ಲಾರ ತಟ್ಟೇಲೂ ಎರಡು ಹಕ್ಕಿ ಇದೆ, ನನ್ನದ್ರಲ್ಲಿ ಒಂದೇ! ನನ್ನ ಜೊತೆಯವರು ಹೋದ್ರು ಅಂತ ಹಕ್ಕೀಗೂ ಗೊತ್ತಾಯ್ತಾ?" ಎಂದರು. ಕೋಣೆಯೆಲ್ಲ ನಗು. ವಿಮಲ ಕೂಡ ತಲೆಯೆತ್ತಿ ನಕ್ಕುಬಿಟ್ಟಳು. ಆ ನಗು ನೋಡಿಯೇ ಹುಡುಗ ಒಪ್ಪಿದನೆಂದು ಆಮೇಲೆ ತಿಳಿಯಿತು. ಅತ್ತೆ ಮಾತ್ರ ಬಾಗಿಲಿಗೆ ಒರಗಿ ನಿಂತೇ ಇದ್ದರು.

ಬಂದವರು ಹೋದ ಮೇಲೆ ತೊಳೆಯಲು ಕೂತೆ. ಆರು ಚಮಚ, ಆರು ಲೋಟ, ಐದು ತಟ್ಟೆ. ಒಂದೊಂದರಲ್ಲೂ ಜೋಡಿ ಹಕ್ಕಿ. ಮಂಚದ ಕೆಳಗೆ, ಕಿಟಕಿಯ ಆಚೆ, ಕೊನೆಗೆ ಅಕ್ಕಿ ಡಬ್ಬದಲ್ಲೂ ಹುಡುಕಿದೆವು.

ಸಂಜೆ ಅತ್ತೆ ಹೇಳಿದರು: "ಮೊದಲು ಆರು ಇದ್ವು ಕಣೇ. ಒಂದ್ರಲ್ಲಿ ಅಚ್ಚು ತಪ್ಪಿ ಒಂದೇ ಹಕ್ಕಿ ಬಿದ್ದಿತ್ತು. ನಿಮ್ಮಾವ ದಿನಾ ಅದ್ರಲ್ಲೇ ತಿಂಡಿ ತಿಂತಿದ್ರು. ಅವರು ಹೋದ ವರ್ಷಾನೇ ನನ್ನ ಕೈಜಾರಿ ಒಡೆದುಹೋಯ್ತು. ಚೂರು ಆರಿಸಿ ಎಸೆದವಳು ನಾನೇ." ಹೇಳುವಾಗ ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮಗಳ ನಿಶ್ಚಿತಾರ್ಥಕ್ಕೆ ಏನೇನು ಮಾಡಬೇಕೆಂದು ಉತ್ಸಾಹದಿಂದ ಲೆಕ್ಕ ಹಾಕತೊಡಗಿದರು.

ನಾನು ಎಣಿಸುವುದರಲ್ಲಿ ತಪ್ಪಿರಬಹುದು. ಗಾಬರಿಯಲ್ಲಿ ಅತ್ತೆಯೂ ತಪ್ಪಿರಬಹುದು. ಆದರೆ ಆ ಒಂಟಿ ಹಕ್ಕಿಯ ವಿಷಯ ನನಗೇ ಗೊತ್ತಿರಲಿಲ್ಲ. ಮೊದಲ ಸಲ ನಮ್ಮ ಮನೆಗೆ ಬಂದ ಅಜ್ಜಿಗೆ ಹೇಗೆ ಗೊತ್ತಾಗಬೇಕು? ಮದುವೆಯ ದಿನ ತಡೆಯಲಾರದೆ ಅವರನ್ನೇ ಕೇಳಿದೆ, "ಅಜ್ಜಿ, ಅವತ್ತು ಸರಿಯಾಗಿ ನೋಡಿದ್ರಾ?"

ಅಜ್ಜಿಗೆ ಸಿಟ್ಟೇ ಬಂತು. "ಉಪ್ಪಿಟ್ಟು ತಿಂದು ಬಳಿದ ಮೇಲಲ್ವೇನೇ ಹಕ್ಕಿ ಕಂಡಿದ್ದು? ತಟ್ಟೆ ಇಲ್ಲ ಅಂದ್ರೆ ನಾನು ಉಪ್ಪಿಟ್ಟು ಯಾತರಲ್ಲಿ ತಿಂದೆ, ನೀನೇ ಹೇಳು!"